ಎರಡು ಬಗೆಯ ಪ್ರೇಮಕಥೆಗೆ ಎರಡು ಹೆಸರು ಬೇಕಾ?

ಇಷ್ಟು ದಿನ ಐತಿಹಾಸಿಕ ಪ್ರೇಮಕಾದಂಬರಿ ಬರೆದಿದ್ದೀರಿ, ಈಗ ದೆವ್ವ, ರಕ್ತಪಿಶಾಚಿಗಳ ಪ್ರೇಮಕಥೆಗೆ ಬೇರೆ ಕಾವ್ಯನಾಮ ಬೇಕಾ ಅಂತ ಕೇಳಿದ್ದೀರಿ. ಬೇಕೇ ಬೇಕು ಅಂತೇನಿಲ್ಲ.

ಬೇರೆ ಬೇರೆ ಹೆಸರು ಇಟ್ಟುಕೊಂಡವರೂ ಇದ್ದಾರೆ, ಅಮೆರಿಕದ ಲೇಖಕಿ ಜೇನ್ ಆನ್ ಕ್ರೆಂಟ್ಜ್ ಅವರನ್ನೇ ನೋಡಿ. ಈ ಕಾಲದ ಕಥೆಗೆ ಈ ಹೆಸರು, ಹಳೆಯ ಕಾಲದ್ದಕ್ಕೆ ಅಮಾಂಡಾ ಕ್ವಿಕ್, ಭವಿಷ್ಯದ ಅತೀಂದ್ರಿಯ ಲೋಕಕ್ಕೆ ಜೇನ್ ಕ್ಯಾಸಲ್. (ಕೊನೆಯದು ಅವರ ಮದುವೆಗೆ ಮುಂಚಿನ ಹೆಸರೇ!) ಮೂರೂ ಒಬ್ಬರದ್ದೇ ಅನ್ನುವುದು ಗುಟ್ಟೇನಲ್ಲ. ಹೊದಿಕೆ ನೋಡಿದ ಕೂಡಲೇ ಒಳಗೇನಿದೆ ಅಂತ ಓದುಗರಿಗೆ ಗೊತ್ತಾಗುತ್ತದೆ, ಅಷ್ಟೇ. ಅತೀಂದ್ರಿಯ ಶಕ್ತಿಯವರ ಒಂದು ಗುಪ್ತ ಸಂಘದ ಕಥೆಯನ್ನಂತೂ ಅವರು ಮೂರೂ ಹೆಸರಲ್ಲಿ, ಮೂರೂ ಕಾಲಗಳಲ್ಲಿ ಮುಂದುವರಿಸಿದ್ದಾರೆ.

ಆದರೂ ನನ್ನನ್ನು ಕೇಳಿದರೆ, ಈಗಿರುವ ಹೆಸರನ್ನೇ ಇಟ್ಟುಕೊಳ್ಳಿ. ಎರಡು ಹೆಸರು ಅಂದರೆ ಪ್ರಚಾರದ ಕೆಲಸವೂ ಎರಡರಷ್ಟು.

ಹೆಸರಿಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆ ಇದೆ. 1815ರ ಇಂಗ್ಲೆಂಡಿನ ನಾಯಕಿಯನ್ನು ರೈಲು ಹತ್ತಿಸಿದರೆ ಓದುಗರು ಸುಮ್ನೆ ಬಿಡಲ್ಲ ಅಲ್ವಾ? ಅತೀಂದ್ರಿಯ ಕಥೆಯಲ್ಲಿ ನಿಯಮ ನಿಮ್ಮದೇ. ಆದರೆ ಮೂರನೇ ಅಧ್ಯಾಯದಲ್ಲಿ ಬಿಸಿಲಿಗೆ ಸುಟ್ಟುಹೋಗುವ ರಕ್ತಪಿಶಾಚಿಯನ್ನು ಹತ್ತನೆಯದರಲ್ಲಿ ಮಟಮಟ ಮಧ್ಯಾಹ್ನ ತಿರುಗಾಡಲು ಕಳಿಸಬೇಡಿ.