ಸೈಕಲ್ಲಿಗೆ ಒಂದು ಮಾರು ಜಾಗ

"ಹಲವು ದೇಶಗಳಲ್ಲಿ ಸೈಕಲ್ ಸವಾರರಿಗೂ ಕಾರು, ಲಾರಿ ಓಡಿಸುವವರಿಗೂ ಹೊಸ ರಸ್ತೆ ನಿಯಮಗಳು ಬರುತ್ತಿವೆಯಲ್ಲ, ದಿನಾ ಸೈಕಲ್ ತುಳಿಯುವವರಿಗೆ ಏನನ್ನಿಸುತ್ತದೆ? ತಪ್ಪು ಮಾಡಿದರೆ ಸೈಕಲ್‌ನವರಿಗೂ ದಂಡ ಬೀಳಬೇಡವೇ?" ಅಂತ ಕೇಳಿದ್ದೀರಿ. ಬೀಳಬೇಕು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನೀವು ಸಮಾಧಾನದಿಂದ ಓದುತ್ತೀರಿ.

ಹದಿನಾರು ವರ್ಷದಿಂದ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ. ಮೊದಮೊದಲು ರಸ್ತೆಯ ಅಂಚಿಗೆ ಅಂಟಿಕೊಂಡೇ ತುಳಿಯುತ್ತಿದ್ದೆ. ಯಾರಿಗೂ ಅಡ್ಡಿಯಾಗಬಾರದು ಅನ್ನುವ ಸಂಕೋಚ. ಒಂದು ಸಂಜೆ ಹಿಂದಿನಿಂದ ಬಂದ ಕಾರಿನ ಕನ್ನಡಿ ನನ್ನ ಮೊಣಕೈಗೆ ತಗುಲಿ ಟಪ್ಪೆಂದು ಮಡಚಿಕೊಂಡಿತು. ಹ್ಯಾಂಡಲ್ ಅಲುಗಿ, ಮುಂದಿನ ಚಕ್ರ ಚರಂಡಿ ಜಾಲರಿಯ ಮೇಲೆ ಜಾರಿತು. ಹೇಗೋ ಕಾಲೂರಿ ನಿಂತೆ. ಆತ ಮುಂದೆ ಹೋಗಿ ನಿಲ್ಲಿಸಿ, ಇಳಿದು ಕನ್ನಡಿ ಸರಿಮಾಡಿಕೊಳ್ಳುತ್ತಾ, "ಸೈಡಲ್ಲಿ ಹೋಗೋಕೆ ಏನ್ರೀ ಕಷ್ಟ?" ಅಂದರು. ನಾನಿದ್ದದ್ದು ಸೈಡಿನಲ್ಲೇ. ಇನ್ನೂ ಸೈಡಿಗೆ ಹೋಗಬೇಕೆಂದರೆ ಚರಂಡಿಯೊಳಗೇ ಇಳಿಯಬೇಕಿತ್ತು.

ಸೈಡಿನಲ್ಲಿದ್ದದ್ದೇ ಎಡವಟ್ಟಾಯಿತು ಅನ್ನುವುದು ಗೊತ್ತಾಗಲು ನನಗೆ ಬಹಳ ದಿನ ಬೇಕಾಯಿತು. ಅಂಚಿನಲ್ಲಿ ಸೈಕಲ್ ಕಂಡರೆ, ಎದುರಿನಿಂದ ಬಸ್ಸು ಬರುತ್ತಿದ್ದರೂ, ಇದೇ ಲೇನಿನಲ್ಲಿ ತೂರಿಸಿಬಿಡಬಹುದು ಅಂತ ಹಿಂದಿನವರಿಗೆ ಅನ್ನಿಸುತ್ತದೆ. ಸೈಕಲ್ ಲೇನಿನ ನಡುವೆ ಇದ್ದರೆ ತೂರಿಸುವ ಮಾತೇ ಇಲ್ಲ. ಕಾಯಬೇಕು, ಇಲ್ಲವೇ ಪಕ್ಕದ ಲೇನಿಗೆ ಪೂರ್ತಿ ಹೋಗಿ ದಾಟಬೇಕು. ನಡುವೆ ತುಳಿಯುವವರನ್ನು ನೋಡಿ "ಎಷ್ಟು ಸೊಕ್ಕು" ಅಂದುಕೊಳ್ಳುತ್ತಾರೆ. ಹೆದರಿಕೆಯಿಂದಲೇ ಅಲ್ಲಿಗೆ ಬಂದಿರುತ್ತೇವೆ, ಸ್ವಾಮಿ.

ಅದಕ್ಕೇ ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್‌ನಲ್ಲಿ 2022ರ ಜನವರಿಯಲ್ಲಿ ಆದ ಬದಲಾವಣೆ ಓದಿದಾಗ ನನ್ನ ಮನಸ್ಸಿನಲ್ಲಿದ್ದದ್ದನ್ನು ಯಾರೋ ಬರೆದಿಟ್ಟಂತಾಯಿತು. ವಾಹನಗಳ ಓಡಾಟ ಕಡಿಮೆ ಇರುವ ರಸ್ತೆಯಲ್ಲಿ, ನಿಧಾನವಾಗಿ ಸಾಗುವ ಸಾಲಿನಲ್ಲಿ, ಜಂಕ್ಷನ್ ಹತ್ತಿರ ಬಂದಾಗ ಲೇನಿನ ನಡುವೆ ಬನ್ನಿ ಅಂತ ಸೈಕಲ್‌ನವರಿಗೇ ಹೇಳಿದೆ. ದಾಟುವಾಗ ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಕನಿಷ್ಠ 1.5 ಮೀಟರ್, ಅದಕ್ಕಿಂತ ವೇಗವಿದ್ದರೆ ಇನ್ನೂ ಹೆಚ್ಚು ಜಾಗ ಬಿಡಿ ಅಂತ ಚಾಲಕರಿಗೆ ಹೇಳಿದೆ. ಜರ್ಮನಿ 2020ರಲ್ಲಿ ಊರೊಳಗೆ 1.5, ಊರಾಚೆ 2 ಮೀಟರ್ ಅಂತ ಕಾನೂನಿನಲ್ಲೇ ಬರೆಯಿತು. ಅಲ್ಲಿ ಹಿಂದೆ ಇದ್ದದ್ದು "ಸಾಕಷ್ಟು ಅಂತರ" ಅನ್ನುವ ಮಾತು. ಸಾಕಷ್ಟು ಅಂದರೆ ಎಷ್ಟು? ನನ್ನ ಮೊಣಕೈಗೆ ಕನ್ನಡಿ ಬಡಿದವರನ್ನು ಕೇಳಿದ್ದರೂ "ಸಾಕಷ್ಟು ಬಿಟ್ಟಿದ್ದೆ" ಅನ್ನುತ್ತಿದ್ದರು. ಎರಡೂ ಕೈ ಚಾಚಿದರೆ ಒಂದು ಮಾರು, 1.5 ಮೀಟರ್ ಅದಕ್ಕಿಂತ ಚೂರು ಕಡಿಮೆ. ಅಷ್ಟು ಜಾಗ ಕೇಳುವುದು ದುರಾಸೆಯಲ್ಲ. ಗುಂಡಿ ತಪ್ಪಿಸಲು ಸೈಕಲ್ ಒಂದು ಮೊಳ ಪಕ್ಕಕ್ಕೆ ಬರುವುದು ದಿನಾ ಆಗುವುದೇ.

"ರಸ್ತೆಯಲ್ಲಿ ಯಾರು ಟೇಪು ಹಿಡಿದು ಅಳೆಯುತ್ತಾರೆ?" ಅನ್ನುವುದು ನ್ಯಾಯವಾದ ಪ್ರಶ್ನೆ. ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು 2016ರಲ್ಲಿ ಮಾಡಿದ್ದು ನನಗೆ ತುಂಬಾ ಹಿಡಿಸಿತು. ಮಫ್ತಿಯಲ್ಲಿದ್ದ ಪೊಲೀಸರೇ ಸೈಕಲ್ ತುಳಿಯುತ್ತಾ ಹೋದರು. ಒತ್ತರಿಸಿಕೊಂಡು ದಾಟಿದವರನ್ನು ಮುಂದೆ ನಿಲ್ಲಿಸಿ, ನೆಲದ ಮೇಲೆ ಮ್ಯಾಟ್ ಹಾಸಿ, ಸೈಕಲ್ ಎಲ್ಲಿರುತ್ತದೆ, ಕಾರು ಎಲ್ಲಿರಬೇಕು ಅಂತ ತೋರಿಸಿದರು. ಅಂತರ ಕಣ್ಣಿಗೆ ಕಾಣಬೇಕು ನೋಡಿ, ಭಾಷಣದಲ್ಲಿ ತಿಳಿಯುವುದಲ್ಲ ಅದು.

ಇನ್ನು ನಮ್ಮ ಸರದಿ. ಜಪಾನ್ 2024ರ ನವೆಂಬರ್‌ನಿಂದ, ಸೈಕಲ್ ತುಳಿಯುತ್ತಾ ಫೋನ್ ಹಿಡಿದರೆ ಆರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷ ಯೆನ್‌ವರೆಗೆ ದಂಡ ಅಂತ ಮಾಡಿದೆ. ಜೈಲು ಅತಿಯಾಯಿತು ಅನ್ನಿಸಿದರೂ ದಂಡದ ಬಗ್ಗೆ ನನ್ನ ತಕರಾರಿಲ್ಲ. ಒಮ್ಮೆ ಮೆಸೇಜ್ ನೋಡುತ್ತಾ ತುಳಿದು, ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರ ಕೈಚೀಲಕ್ಕೆ ಗುದ್ದಿದ್ದೇನೆ. ಅವರು ಬಿದ್ದಿದ್ದರೆ? ಕತ್ತಲಲ್ಲಿ ಲೈಟಿಲ್ಲದೆ ಬರುವುದು, ಒನ್‌ವೇಯಲ್ಲಿ ಎದುರು ನುಗ್ಗುವುದು ಕೂಡ ಇದೇ ಸಾಲಿಗೆ ಸೇರಿದವು.

ಆದರೆ ಎಲ್ಲ ನಿಯಮವೂ ಎರಡು ಕಡೆಯವರಿಗೂ ಒಂದೇ ಥರ ಇರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಐಡಹೊ ರಾಜ್ಯದಲ್ಲಿ 1982ರಿಂದಲೇ ಸೈಕಲ್‌ನವರು ಸ್ಟಾಪ್ ಫಲಕದ ಬಳಿ ಪೂರ್ತಿ ನಿಲ್ಲಬೇಕಿಲ್ಲ. ವೇಗ ತಗ್ಗಿಸಿ, ಬರುವವರಿಗೆ ದಾರಿ ಬಿಟ್ಟು ಹೋಗಬಹುದು. ನಿಂತ ಸೈಕಲ್ಲನ್ನು ಮತ್ತೆ ಹೊರಡಿಸುವ ಕಷ್ಟ, ಆ ಮೊದಲ ಒಂದೆರಡು ತುಳಿತದ ಓಲಾಟ ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ. ಇದನ್ನೇ ತೋರಿಸಿ ಕೆಂಪು ದೀಪ ಜಂಪ್ ಮಾಡುವವರಿದ್ದಾರೆ, ಅವರ ಪರ ನಾನಿಲ್ಲ. ನೇರ ಹೋಗುವವರು ಕೆಂಪು ದೀಪಕ್ಕೆ ಅಲ್ಲೂ ಮೊದಲು ನಿಲ್ಲಲೇಬೇಕು.

ಇಷ್ಟೆಲ್ಲದರಲ್ಲಿ ನನಗೆ ಎಲ್ಲಕ್ಕಿಂತ ಬೇಕಾದ ಕಾನೂನಿನಲ್ಲಿ ಸೈಕಲ್ಲಿನ ಹೆಸರೇ ಬರುವುದಿಲ್ಲ. ಸ್ಪೇನ್ 2021ರ ಮೇ ತಿಂಗಳಿಂದ, ಊರೊಳಗೆ ಒಂದು ದಿಕ್ಕಿಗೆ ಒಂದೇ ಲೇನ್ ಇರುವ ರಸ್ತೆಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ ಹಾಕಿತು. 50ರಲ್ಲಿ ಬರುವ ಕಾರು ಚಾಲಕರ ಕಾಲು ಬ್ರೇಕ್ ಮುಟ್ಟುವ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಓಡಿರುತ್ತದೆ, 30ರಲ್ಲಾದರೆ 8 ಚಿಲ್ಲರೆ. ಗುದ್ದುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 50ರ ಪೆಟ್ಟು 30ರದ್ದರ ಎರಡೂವರೆ ಪಟ್ಟಿಗೂ ಮೀರುತ್ತದೆ. ಹೆಲ್ಮೆಟ್ ಹಾಕಿ ಅಂತ ನಮಗೆ ಬುದ್ಧಿ ಹೇಳುವವರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಲಿ. ನಾನಂತೂ ಹೆಲ್ಮೆಟ್ ಹಾಕುತ್ತೇನೆ.

ಅಂದಹಾಗೆ, ನಾನೂ ಕಾರು ಓಡಿಸುತ್ತೇನೆ. ಅದೇ 2022ರ ಹೈವೇ ಕೋಡ್‌ನಲ್ಲಿ ಇನ್ನೊಂದು ಪುಟ್ಟ ಸೂಚನೆಯಿದೆ: ಕಾರಿನ ಬಾಗಿಲನ್ನು ಹತ್ತಿರದ ಕೈಯಿಂದ ತೆಗೆಯಬೇಡಿ, ಆಚೆಯ ಕೈಯಿಂದ ತೆಗೆಯಿರಿ. ಹಾಗೆ ಮಾಡಿದರೆ ಭುಜ ತಿರುಗುತ್ತದೆ, ಅದರ ಜೊತೆ ತಲೆಯೂ ತಿರುಗಿ ಹಿಂದೆ ಬರುವ ಸೈಕಲ್ ಕಾಣುತ್ತದೆ. ಓದಿದ ದಿನದಿಂದ ಶುರುಮಾಡಿದೆ. ಮೊದಲ ವಾರ ಸೀಟ್ ಬೆಲ್ಟ್ ಬಿಚ್ಚಲು ಮರೆತು, ಕೈ ಅಡ್ಡ ಚಾಚಿ, ಸಿಕ್ಕಿಹಾಕಿಕೊಂಡವನ ಹಾಗೆ ಒದ್ದಾಡುತ್ತಿದ್ದೆ. ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ಈಗ ಅವರೂ ಹಾಗೇ ತೆಗೆಯುತ್ತಾರೆ.