ಕೋನ್ ಫಿಲ್ಟರ್ ಹಾಕಿದ ಮೇಲೆ ಪಿ0171 ಕೋಡ್ ಬಂದರೆ
ಕಾರಿಗೆ ಎಣ್ಣೆ ಸವರಿದ ಕೋನ್ ಫಿಲ್ಟರ್ (ಶಂಕುವಿನಾಕಾರದ ಏರ್ ಫಿಲ್ಟರ್) ಹಾಕಿದ ಮೇಲೆ ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗ ಎಂಜಿನ್ ತಿರುಗುವ ವೇಗ) ಏರಿಳಿದು ಪಿ0171 (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ ಎಂಬ ದೋಷದ ಕೋಡ್) ಬರುತ್ತಿದ್ದರೆ, ಬಹುಮಟ್ಟಿಗೆ ಮಾಫ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಸೆನ್ಸರ್) ದಾಟಿದ ಮೇಲೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ. ಇಲ್ಲವೇ ಫಿಲ್ಟರಿನ ಎಣ್ಣೆ ಸೆನ್ಸರಿನ ತಂತಿಗೆ ಅಂಟಿದೆ. ಯಾವುದೆಂದು ಕೋಡ್ ಒಂದರಿಂದಲೇ ಹೇಳಲಾಗದು.

ಮೊದಲು ಸೆನ್ಸರಿನಿಂದ ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿ ನಿಯಂತ್ರಿಸುವ ಭಾಗ) ವರೆಗಿನ ಕ್ಲಾಂಪುಗಳನ್ನು ಬಿಗಿ ಮಾಡಿ. ಬ್ರೀದರ್ ಹೋಸ್ (ಎಂಜಿನ್ನಿನ ಒಳಗಿನ ಆವಿಯನ್ನು ಇನ್‌ಟೇಕ್ ಪೈಪಿಗೆ ತರುವ ಕೊಳವೆ) ಮರಳಿ ಸಿಕ್ಕಿಸಿದ್ದೀರಾ ನೋಡಿ, ಮರೆತುಹೋಗುವುದು ಸಾಮಾನ್ಯವಾಗಿ ಅದೇ. ಆಮೇಲೆ ಎಂಜಿನ್ ತಣ್ಣಗಿರುವಾಗ ಸೆನ್ಸರ್ ಬಿಚ್ಚಿ ಮಾಫ್ ಕ್ಲೀನರ್ ಸಿಂಪಡಿಸಿ. ಬ್ರೇಕ್ ಕ್ಲೀನರ್ ಬೇಡ. ತಂತಿಗೆ ಬಟ್ಟೆ, ಬ್ರಷ್ ತಾಗಿಸಲೇಬೇಡಿ, ಕೂದಲಿಗಿಂತ ಸುಲಭವಾಗಿ ತುಂಡಾಗುತ್ತದೆ. ಪೂರ್ತಿ ಒಣಗಿಸಿ ಜೋಡಿಸಿ, ಕೋಡ್ ಅಳಿಸಿ ಓಡಿಸಿ.

ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಂಧನದ ಪ್ರಮಾಣಕ್ಕೆ ಎಂಜಿನ್ ಕಂಪ್ಯೂಟರ್ ಮಾಡುತ್ತಿರುವ ತಿದ್ದುಪಡಿ) ಇನ್ನೂ +10% ದಾಟುತ್ತಿದ್ದರೆ ಸೆನ್ಸರ್ ಕೂರುವ ಜಾಗದಲ್ಲಿ ಹೊಸ ಪೈಪಿನ ಒಳವ್ಯಾಸ ಅಳೆಯಿರಿ. ಮೂಲ ಪೈಪಿಗಿಂತ ದೊಡ್ಡದಿದ್ದರೆ ಸೆನ್ಸರ್ ಗಾಳಿಯನ್ನು ಕಡಿಮೆ ಲೆಕ್ಕ ಹಾಕುತ್ತದೆ. ಹಾಗಿದ್ದರೆ ಇಸಿಯು (ಎಂಜಿನ್ ಕಂಪ್ಯೂಟರ್) ಟ್ಯೂನ್ ಮಾಡಿಸಿ, ಇಲ್ಲವೇ ಮೂಲ ಪೈಪನ್ನೇ ಹಾಕಿ.