ಗನ್‌ಶಿಪ್ ವಿಮಾನಗಳು ಯುದ್ಧದಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆಯಾ?

ಬರುತ್ತವೆ, ಆದರೆ ಶತ್ರುವಿನ ಹತ್ತಿರ ಒಳ್ಳೆಯ ವಿಮಾನ ನಿರೋಧಕ ಕ್ಷಿಪಣಿ ಇಲ್ಲದಿದ್ದರೆ ಮಾತ್ರ.

ಗನ್‌ಶಿಪ್ ಅಂದರೆ ನೆಲದ ಗುರಿಗಳಿಗೆ ಹೊಡೆಯಲು ಗನ್ ಜೋಡಿಸಿದ ದೊಡ್ಡ ಸರಕು ವಿಮಾನ. ಇವುಗಳ ಗನ್‌ಗಳು ಮೂಗಿನಲ್ಲಲ್ಲ, ಎಡ ಮಗ್ಗುಲಲ್ಲಿರುತ್ತವೆ. ವಿಮಾನ ಎಡಕ್ಕೆ ವಾಲಿಕೊಂಡು ಗುರಿಯ ಸುತ್ತ ಸುತ್ತುತ್ತಿದ್ದರೆ ಗುಂಡು ಒಂದೇ ಜಾಗಕ್ಕೆ ಬೀಳುತ್ತಲೇ ಇರುತ್ತದೆ. ಫೈಟರ್ ಜೆಟ್ ಆದರೆ ಒಮ್ಮೆ ಹೊಡೆದು, ಮುಂದೆ ಹೋಗಿ, ಮತ್ತೆ ತಿರುಗಿ ಬರಬೇಕು. ಗನ್‌ಶಿಪ್‌ಗೆ ಆ ತಾಪತ್ರಯವಿಲ್ಲ, ಗಂಟೆಗಟ್ಟಲೆ ಅಲ್ಲೇ ಇದ್ದು ಕೆಳಗೆ ಸಿಕ್ಕಿಬಿದ್ದ ಸೈನಿಕರನ್ನು ಕಾಯುತ್ತದೆ. ನನ್ನ ಪ್ರಕಾರ ಇದರ ದೊಡ್ಡ ಬಲವೇ ಇದು. ಅಮೆರಿಕ 1964ರಲ್ಲಿ ವಿಯೆಟ್ನಾಂನಲ್ಲಿ ಹಳೇ ಸರಕು ವಿಮಾನಕ್ಕೆ ಮಿನಿಗನ್ (ಅತಿ ವೇಗವಾಗಿ ಗುಂಡು ಹಾರಿಸುವ ಮೆಷಿನ್ ಗನ್) ಜೋಡಿಸಿ ಎಸಿ-47 ಎಂಬ ಗನ್‌ಶಿಪ್ ಇಳಿಸಿತು. ಆಮೇಲೆ ಬಂದ ಎಸಿ-130ರಲ್ಲಿ 105 ಮಿ.ಮೀ. ಫಿರಂಗಿಯನ್ನೇ ಕೂರಿಸಿದರು!

ತೊಂದರೆ ಏನಂದರೆ, ಇದು ದೊಡ್ಡದು, ನಿಧಾನ, ಹಗಲಲ್ಲಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಜಾಸ್ತಿ ರಾತ್ರಿ ಹಾರಿಸುತ್ತಾರೆ. 1991ರ ಜನವರಿ 31ರಂದು, ಕೊಲ್ಲಿ ಯುದ್ಧದ ವೇಳೆ ಸೌದಿ ಅರೇಬಿಯಾದ ಖಫ್ಜಿ ಊರಿನ ಕದನದಲ್ಲಿ, ಬೆಳಕು ಹರಿದರೂ ಹಿಂದಿರುಗದೆ ನೆಲದ ಪಡೆಗೆ ನೆರವಾಗುತ್ತಿದ್ದ ಒಂದು ಎಸಿ-130 ಇರಾಕಿನ ಕ್ಷಿಪಣಿಗೆ ಬಲಿಯಾಗಿ, ಒಳಗಿದ್ದ 14 ಮಂದಿಯೂ ಸತ್ತರು.

ಇನ್ನು ಹೊಡೆತ ಎಷ್ಟೇ ನಿಖರವಾಗಿದ್ದರೂ, ಗುರಿಯೇ ತಪ್ಪಾದರೆ? 2015ರಲ್ಲಿ ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಇಂಥದ್ದೇ ವಿಮಾನ ಆಸ್ಪತ್ರೆಯೊಂದಕ್ಕೆ ಹೊಡೆದು 42 ಜನ ಸತ್ತರು.